ಗಾಡಿಯ ರೇಡಿಯೊದಲ್ಲಿ ಗದ್ದಲವೇ? ಫಿಲ್ಟರ್ ಕೊಳ್ಳುವ ಮೊದಲು ಹೀಗೆ ಹುಡುಕಿ

ಹೋದ ದೀಪಾವಳಿಗೆ ಪುಣೆಯಿಂದ ಹುಬ್ಬಳ್ಳಿಗೆ ಎರಡು ಕಾರಿನಲ್ಲಿ ಹೊರಟಿದ್ದೆವು. ಮುಂದೆ ಅಣ್ಣನ ಗಾಡಿ, ಹಿಂದೆ ನನ್ನದು. ಇಬ್ಬರಿಗೂ ಹ್ಯಾಮ್, ಅಂದರೆ ಹವ್ಯಾಸಿ ರೇಡಿಯೊ ಲೈಸೆನ್ಸ್ ಇದೆ, ಎರಡೂ ಗಾಡಿಯಲ್ಲಿ 144–146 ಮೆಗಾಹರ್ಟ್ಸ್‌ನ ವಿಎಚ್‌ಎಫ್ ಸೆಟ್ (ಮಾತಾಡಲೂ ಕೇಳಲೂ ಆಗುವ ರೇಡಿಯೊ) ಕೂರಿಸಿದ್ದೇವೆ. ಕಾತ್ರಜ್ ಸುರಂಗ ದಾಟಿದ ಮೇಲೂ ಒಬ್ಬರ ಹಿಂದೆ ಒಬ್ಬರು ಇದ್ದೆವು, ಮಾತು ಚೆನ್ನಾಗೇ ಕೇಳುತ್ತಿತ್ತು. ಹಿಂದೆ ಸಣ್ಣಗೆ ಸೊಳ್ಳೆ ಹಾಡಿದ ಹಾಗೆ ಒಂದು ಸದ್ದು ಇತ್ತು, ಅದನ್ನು ಯಾರು ಲೆಕ್ಕಕ್ಕೆ ಇಡುತ್ತಾರೆ. ಖಂಬಾಟ್ಕಿ ಘಾಟ್ ಹತ್ತುವಾಗ ಅಣ್ಣ ನಾಲ್ಕು ತಿರುವು ಮುಂದೆ ಹೋದ ನೋಡಿ, ಅವನ ದನಿ ಮಾಯ. ಬರೀ ಸರ್ರ್ ಅನ್ನುವ ಗದ್ದಲ. ವಿಚಿತ್ರ ಅಂದರೆ ಅವನಿಗೆ ನನ್ನ ಮಾತು ಕೇಳುತ್ತಿತ್ತು. ಘಾಟ್ ಇಳಿದು ಚಹಾಕ್ಕೆ ನಿಲ್ಲಿಸಿದೆ, ಇಂಜಿನ್ ಆಫ್ ಮಾಡಿ ಕೀ ತೆಗೆದೆ. ಆ ಕ್ಷಣಕ್ಕೆ "ಎಲ್ಲಿದ್ದೀಯೋ, ನಾನು ಸುರೂರ್ ದಾಟಿದೆ" ಅಂತ ಅಣ್ಣ ಪಕ್ಕದ ಸೀಟಿನಲ್ಲಿ ಕೂತ ಹಾಗೆ ಮಾತಾಡಿದ. ಆಮೇಲೆ ಸೇರಿಸಿದ: "ನಿನ್ನ ಗಾಡಿ ಓಡುವಾಗ ಮಾತಿನ ಹಿಂದೆ ಏನೋ ಸೀಟಿ ಬರುತ್ತದೆ."

ವಾಪಸ್ ಬಂದು ಮೊದಲು ಏನು ಮಾಡಿದೆ? ಎಲ್ಲರೂ ಮಾಡುವುದನ್ನೇ. ಆನ್‌ಲೈನ್‌ನಲ್ಲಿ ಒಂಬೈನೂರು ರೂಪಾಯಿಗೆ ಒಂದು ನಾಯ್ಸ್ ಫಿಲ್ಟರ್ ತರಿಸಿ ರೇಡಿಯೊದ ಪವರ್ ವೈರಿಗೆ ಸಿಕ್ಕಿಸಿದೆ. ಸೊಳ್ಳೆ ಸ್ವಲ್ಪ ತಗ್ಗಿತು, ಗದ್ದಲ ಇದ್ದ ಹಾಗೇ ಇತ್ತು. ನಾನಾ ಪೇಠದಲ್ಲಿ ಗಾಡಿ ವೈರಿಂಗ್ ಮಾಡುವ ಒಬ್ಬರು ವಿಜಯಪುರದ ಕಡೆಯವರು, ನಾವೆಲ್ಲ ಕಾಕಾ ಅಂತಲೇ ಕರೆಯುವುದು. ಅವರಿಗೆ ತೋರಿಸಿದರೆ ನಕ್ಕುಬಿಟ್ಟರು. "ಮೂಗು ಸೋರಿದ್ರ ಕಿವಿಗೆ ಎಣ್ಣಿ ಬಿಡ್ತಾರೇನ್ರಿ?"

ಮಾತು ಸರಿ. ಗದ್ದಲ ಯಾವ ದಾರಿಯಿಂದ ಒಳಗೆ ಬರುತ್ತಿದೆ ಅಂತ ಗೊತ್ತಿಲ್ಲದೆ ನಾನು ಒಂದು ದಾರಿಗೆ ಬಾಗಿಲು ಹಾಕಿದ್ದೆ. ಕೊನೆಗೆ ಗೊತ್ತಾಗಿದ್ದು, ನನ್ನ ಗಾಡಿಯಲ್ಲಿ ಇದ್ದದ್ದು ಒಂದು ದೋಷ ಅಲ್ಲ, ಮೂರು. ಒಂದರ ಸದ್ದು ಇನ್ನೊಂದನ್ನು ಮುಚ್ಚಿಕೊಂಡಿತ್ತು. ಒಂದನ್ನು ಸರಿ ಮಾಡಿದಾಗ ಹೆಚ್ಚೇನೂ ಬದಲಾಗಲಿಲ್ಲ ಅಂತ ಬೇಜಾರಾಗಿ ಅದನ್ನು ಬಿಚ್ಚಿಹಾಕುತ್ತೇವೆ ಅಲ್ವಾ, ಅಲ್ಲೇ ಎಡವುವುದು. ಸರಿ ಮಾಡಿದ್ದನ್ನು ಹಾಗೇ ಬಿಟ್ಟು ಮುಂದಿನದಕ್ಕೆ ಹೋಗಿ.

ಮೊದಲು ಜಾಗ, ಆಮೇಲೆ ಕಿವಿ

ಸೊಸೈಟಿಯ ಪಾರ್ಕಿಂಗ್‌ನಲ್ಲಿ ಪರೀಕ್ಷೆ ಮಾಡಬೇಡಿ. ಲಿಫ್ಟು, ಎಲ್‌ಇಡಿ ಟ್ಯೂಬು, ಇನ್ವರ್ಟರು, ಎಲ್ಲದರ ಗದ್ದಲವೂ ನಿಮ್ಮ ಗಾಡಿಯ ತಲೆಗೆ ಬರುತ್ತದೆ. ನಾನು ಭಾನುವಾರ ಬೆಳಿಗ್ಗೆ ದಿವೆ ಘಾಟ್ ಹತ್ತಿ ಸಾಸವಡ್ ಕಡೆ ಬಯಲಿನಲ್ಲಿ ನಿಲ್ಲಿಸಿದೆ. ಕರೆಂಟ್ ಕಂಬದಿಂದ ದೂರ ಇರಬೇಕು. ಇಂಜಿನ್ ಆಫ್, ಕೀ ತೆಗೆದು, ರೇಡಿಯೊ ಮಾತ್ರ ಆನ್ ಮಾಡಿ ಸ್ಕ್ವೆಲ್ಚ್ (ಸಿಗ್ನಲ್ ಇಲ್ಲದಾಗ ಸ್ಪೀಕರ್ ಮುಚ್ಚಿಡುವ ವ್ಯವಸ್ಥೆ) ಪೂರ್ತಿ ತೆರೆದು ಸೆಟ್ಟಿನ ಸಿಗ್ನಲ್ ಮೀಟರ್ ನೋಡಿ. ಆಗಲೇ ಕಡ್ಡಿಗಳು ಮೇಲೆ ಇದ್ದರೆ ಗದ್ದಲ ಹೊರಗಿನದು, ಜಾಗ ಬದಲಿಸಿ. ಇಲ್ಲವೇ ಕೀ ತೆಗೆದ ಮೇಲೂ ಓಡುವ ಯಾವುದೋ ಸಾಮಾನು ಗಾಡಿಯಲ್ಲಿದೆ, ಜಿಪಿಎಸ್ ಟ್ರ್ಯಾಕರ್ ಥರದ್ದು.

ಒಂದು ಎಚ್ಚರಿಕೆ. ಟೋನ್ ಸ್ಕ್ವೆಲ್ಚ್, ಅಂದರೆ ಗೊತ್ತಾದ ಒಂದು ಸ್ವರ ಜೊತೆಗೆ ಬಂದರೆ ಮಾತ್ರ ಸ್ಪೀಕರ್ ತೆರೆಯುವ ವ್ಯವಸ್ಥೆ ಹಾಕಿಕೊಂಡವರು "ನನ್ನ ಗಾಡಿಯಲ್ಲಿ ಗದ್ದಲವೇ ಇಲ್ಲ" ಅನ್ನುತ್ತಾರೆ. ಇಲ್ಲದೆ ಏನು, ಇದೆ. ಸ್ಪೀಕರ್ ಬಾಯಿ ಮುಚ್ಚಿದೆ ಅಷ್ಟೇ. ದೂರದಿಂದ ಬರುವ ದುರ್ಬಲ ಸಿಗ್ನಲ್ ಆ ಗದ್ದಲದಲ್ಲಿ ಮುಳುಗಿ ಹೋಗಿರುತ್ತದೆ, ನಿಮಗೆ ಗೊತ್ತೇ ಆಗುವುದಿಲ್ಲ. ಹಾಗಾಗಿ ಪರೀಕ್ಷೆಗೆ ಕಷ್ಟಪಟ್ಟು ಕೇಳುವಂಥ ಒಂದು ದುರ್ಬಲ ಸಿಗ್ನಲ್ ಬೇಕು. ಗೆಳೆಯನ ಕೈಗೆ ಹ್ಯಾಂಡ್‌ಹೆಲ್ಡ್ ಕೊಟ್ಟು ಕಡಿಮೆ ಪವರ್‌ನಲ್ಲಿ ಒಂದೆರಡು ಕಿಲೋಮೀಟರ್ ಆಚೆ ಕೂರಿಸಿ ಒಂದರಿಂದ ಐವತ್ತು ಎಣಿಸು ಅಂದರೆ ಆಯಿತು.

ಈಗ ಕಿವಿಗೊಡಿ. ಆಕ್ಸಿಲರೇಟರ್ ಜೊತೆ ಸ್ವರ ಏರಿಳಿಯುವ ಸೀಟಿ ಇದ್ದರೆ ಅದು ಡೈನಮೊ, ಅಂದರೆ ಆಲ್ಟರ್ನೇಟರ್. ಟಿಕ್ ಟಿಕ್ ಟಿಕ್ ಅಂತ ಇದ್ದು, ಇಂಜಿನ್ ಜೋರಾದರೆ ಟರ್ರ್ ಅಂತ ಒಂದಾಗಿಬಿಟ್ಟರೆ ಅದು ಸ್ಪಾರ್ಕ್ ಪ್ಲಗ್ಗಿನ ಕಿಡಿ. ಇಂಜಿನ್‌ಗೂ ಅದಕ್ಕೂ ಸಂಬಂಧವೇ ಇಲ್ಲದ ಹಾಗೆ ಒಂದೇ ಸಮ ಸರ್ರ್ ಅನ್ನುತ್ತಿದ್ದರೆ ಚಾರ್ಜರ್, ಡ್ಯಾಶ್‌ಕ್ಯಾಮ್, ಎಲ್‌ಇಡಿ ದೀಪ ಇಂಥದ್ದು ಯಾವುದೋ. ಕೀ ತಿರುಗಿಸಿ ಸ್ಟಾರ್ಟ್ ಮಾಡದೆ ಬಿಟ್ಟಾಗ ಎರಡು ಸೆಕೆಂಡ್ ಗುರ್ ಅಂದು ನಿಂತರೆ ಪೆಟ್ರೋಲ್ ಪಂಪು, ಯಾಕೆಂದರೆ ಅದು ಆಗ ಅಷ್ಟೇ ಹೊತ್ತು ಓಡುತ್ತದೆ. ಬ್ಲೋವರ್, ವೈಪರ್, ಕಿಟಕಿ ಮೋಟಾರು ಇವೆಲ್ಲ ಸುಲಭ, ಸ್ವಿಚ್ ಹಾಕಿದಾಗ ಬಂದು ಆರಿಸಿದಾಗ ಹೋಗುತ್ತವೆ.

ಆಂಟೆನಾ ಬಿಚ್ಚಿ ನೋಡಿ

ಇಡೀ ಕೆಲಸದಲ್ಲಿ ಒಂದೇ ಒಂದು ಪರೀಕ್ಷೆ ಮಾಡುತ್ತೇನೆ ಅನ್ನುವವರು ಇದನ್ನು ಮಾಡಿ. ಇಂಜಿನ್ ಓಡುತ್ತಿರಲಿ. ರೇಡಿಯೊದ ಹಿಂದಿನಿಂದ ಆಂಟೆನಾ ಕೇಬಲ್ ಬಿಚ್ಚಿ, ಅಲ್ಲಿಗೆ ಡಮ್ಮಿ ಲೋಡ್ (ಆಂಟೆನಾ ಬದಲಿಗೆ ಸಿಕ್ಕಿಸುವ ರೆಸಿಸ್ಟರ್) ಹಾಕಿ. ಡಮ್ಮಿ ಲೋಡ್ ಇಲ್ಲದಿದ್ದರೆ ಬರೀ ಕೇಳಿಸಿಕೊಳ್ಳಿ, ತಪ್ಪಿಯೂ ಮೈಕಿನ ಗುಂಡಿ ಒತ್ತಬೇಡಿ, ಸೆಟ್ಟಿನ ಟ್ರಾನ್ಸಿಸ್ಟರ್ ಸುಟ್ಟೀತು. ಆಂಟೆನಾ ಇಲ್ಲದಿದ್ದರೂ ಸದ್ದು ಹಾಗೇ ಇದ್ದರೆ ಅದು ಪವರ್ ವೈರಿನಿಂದ ಬರುತ್ತಿದೆ. ನಿಂತು ಹೋದರೆ ಗಾಳಿಯಲ್ಲಿ ಬಂದು ಆಂಟೆನಾದಿಂದ ಒಳಗೆ ಇಳಿಯುತ್ತಿದೆ. ಖಾತ್ರಿ ಬೇಕಾದರೆ ರೇಡಿಯೊವನ್ನು ಬೇರೆ ಒಂದು 12 ವೋಲ್ಟ್ ಬ್ಯಾಟರಿಗೆ ಹಾಕಿ ನೋಡಿ, ಯುಪಿಎಸ್‌ನ ಪುಟ್ಟ ಬ್ಯಾಟರಿಯೂ ಕೇಳಿಸಿಕೊಳ್ಳಲು ಸಾಕು.

ನನ್ನ ಗಾಡಿಯಲ್ಲಿ ಆಂಟೆನಾ ಬಿಚ್ಚಿದಾಗ ಸರ್ರ್ ನಿಂತಿತು, ಟಿಕ್ ಟಿಕ್ ನಿಂತಿತು, ಸೊಳ್ಳೆ ನಿಲ್ಲಲಿಲ್ಲ. ಅಷ್ಟರಲ್ಲೇ ಅರ್ಧ ಕೆಲಸ ಮುಗಿಯಿತು. ಒಂಬೈನೂರು ರೂಪಾಯಿಯ ಫಿಲ್ಟರ್ ಆ ಸೊಳ್ಳೆಗೆ ಮಾತ್ರ ಸಂಬಂಧಪಟ್ಟದ್ದು, ಅಣ್ಣನ ದನಿ ನುಂಗಿದ ಸರ್ರ್‌ಗೆ ಅಲ್ಲವೇ ಅಲ್ಲ.

ಸರ್ರ್ ಹಿಡಿದದ್ದು ಹೀಗೆ

ಆಂಟೆನಾ ವಾಪಸ್ ಹಾಕಿ, ಕೀಯನ್ನು ಆನ್‌ಗೆ ತಂದು, ಇಂಜಿನ್ ಸ್ಟಾರ್ಟ್ ಮಾಡದೆ ಬಿಟ್ಟೆ. ಮೀಟರ್‌ನಲ್ಲಿ ಐದು ಕಡ್ಡಿ. ಮಗನನ್ನು ರೇಡಿಯೊ ಮುಂದೆ ಕೂರಿಸಿ, "ಕಡ್ಡಿ ಇಳಿದರೆ ಕೂಗು" ಅಂದೆ. ನಾನು ಸ್ಟೀರಿಂಗ್ ಕೆಳಗೆ ಫ್ಯೂಸ್ ಬಾಕ್ಸ್ ಹತ್ತಿರ ಮಲಗಿ ಒಂದೊಂದೇ ಫ್ಯೂಸ್ ಕೀಳುತ್ತಾ ಹೋದೆ. ಫೋನಿನಲ್ಲಿ ಮೊದಲೇ ಫೋಟೊ ತೆಗೆದುಕೊಳ್ಳಿ, ಇಲ್ಲವಾದರೆ ಯಾವುದು ಎಲ್ಲಿ ಅಂತ ತಿಣುಕಾಡಬೇಕಾಗುತ್ತದೆ. ಏರ್‌ಬ್ಯಾಗ್ ಫ್ಯೂಸ್ ಮುಟ್ಟಬೇಡಿ, ಹಳದಿ ಬಣ್ಣದ ಕನೆಕ್ಟರ್‌ಗಳ ಹತ್ತಿರವಂತೂ ಹೋಗಲೇಬೇಡಿ. ಏಳನೆಯದೋ ಎಂಟನೆಯದೋ ಫ್ಯೂಸ್ ಕಿತ್ತಾಗ ಮಗ "ಅಪ್ಪಾ, ಒಂದೇ ಕಡ್ಡಿ!" ಅಂದ. ಹಾಕಿದೆ, ಐದು. ತೆಗೆದೆ, ಒಂದು. ಆ ಫ್ಯೂಸಿನ ಕಾಲಿಗೆ ಬೆಳ್ಳಿ ಬಣ್ಣದ ಒಂದು ಪಟ್ಟಿ ಸಿಕ್ಕಿಸಿ ತೆಳ್ಳನೆ ಕೆಂಪು ವೈರು ಎಳೆದಿತ್ತು. ಅದನ್ನು ಹಿಂಬಾಲಿಸಿದೆ. ಡ್ಯಾಶ್‌ಬೋರ್ಡ್ ಹಿಂದಿನಿಂದ ಗಾಜಿನ ಪಕ್ಕದ ಕಂಬದ ಒಳಗೆ ಹತ್ತಿ, ಅಲ್ಲಿ ಬೆಂಕಿಪೊಟ್ಟಣದಷ್ಟು ದೊಡ್ಡ ಕರಿ ಡಬ್ಬಿ ಸೇರಿ, ಅಲ್ಲಿಂದ ಕನ್ನಡಿ ಹತ್ತಿರದ ಡ್ಯಾಶ್‌ಕ್ಯಾಮ್‌ಗೆ. ಆಕ್ಸೆಸರಿ ಅಂಗಡಿಯ ಹುಡುಗ ಅರ್ಧ ಗಂಟೆಯಲ್ಲಿ ನೀಟಾಗಿ ಕೂರಿಸಿದ್ದು, ವೈರು ಹೊರಗೆ ಎಲ್ಲೂ ಕಾಣುತ್ತಿರಲಿಲ್ಲ ಅಂತ ನಾನೇ ಹೊಗಳಿ ಇಪ್ಪತ್ತು ರೂಪಾಯಿ ಜಾಸ್ತಿ ಕೊಟ್ಟಿದ್ದೆ.

ಆ ಡಬ್ಬಿಯ ಕೆಲಸ 12 ವೋಲ್ಟನ್ನು 5 ವೋಲ್ಟ್ ಮಾಡುವುದು. ಕರೆಂಟನ್ನು ಸೆಕೆಂಡಿಗೆ ಲಕ್ಷಾಂತರ ಸಲ ಕತ್ತರಿಸಿ ಕತ್ತರಿಸಿ ಹಾಗೆ ಮಾಡುತ್ತದೆ. ಪ್ರತಿ ಕತ್ತರಿಯೂ ಚೂಪು, ಆ ಚೂಪಿನಿಂದ ಹುಟ್ಟುವ ಮರಿ ತರಂಗಗಳು ವಿಎಚ್‌ಎಫ್‌ವರೆಗೂ ಏರುತ್ತವೆ. ಇನ್ನು ಕೇಬಲ್. 145 ಮೆಗಾಹರ್ಟ್ಸ್‌ಗೆ ಕಾಲು ತರಂಗ ಅಂದರೆ ಸುಮಾರು 50 ಸೆಂಟಿಮೀಟರ್, ಛಾವಣಿ ಮೇಲಿನ ಆಂಟೆನಾ ಕಡ್ಡಿಯ ಉದ್ದವೂ ಅಷ್ಟೇ. ಗಾಜಿನ ಅಂಚಿನಲ್ಲಿ ಮೇಲೆ ಹತ್ತುವ ಡ್ಯಾಶ್‌ಕ್ಯಾಮ್ ವೈರಿನ ಉದ್ದವೂ ಹೆಚ್ಚುಕಡಿಮೆ ಅಷ್ಟೇ ಆಗಿಬಿಡುತ್ತದೆ. ಕೇಳುವ ಆಂಟೆನಾ ಒಂದು, ಗದ್ದಲ ಬಿತ್ತರಿಸುವ ಆಂಟೆನಾ ಇನ್ನೊಂದು, ನಡುವೆ ಒಂದು ಮೀಟರ್ ಅಂತರ. ಅಣ್ಣ ಘಾಟ್ ಆಚೆಯಿಂದ ಎಷ್ಟು ಕೂಗಿದರೆ ಏನು ಪ್ರಯೋಜನ?

ಆ ಡಬ್ಬಿ ತೆಗೆದುಹಾಕಿ ಬೇರೆ ಚಾರ್ಜರ್ ಹಾಕಿದೆ. ಮೂರು ಚಾರ್ಜರ್ ತಂದು ಒಂದೊಂದಾಗಿ ಹಾಕಿ ಮೀಟರ್ ನೋಡಿಯೇ ಆರಿಸಿದ್ದು, ಬೆಲೆ ನೋಡಿ ಅಲ್ಲ. ಜೊತೆಗೆ ವೈರನ್ನು ಫೆರೈಟ್, ಅಂದರೆ ಗದ್ದಲ ತಡೆಯುವ ಕಾಂತೀಯ ವಸ್ತುವಿನ ಉಂಗುರದಲ್ಲಿ ಸುತ್ತಿದೆ. ಫೆರೈಟ್ ಬಗ್ಗೆ ಒಂದು ಮಾತು: ವೈರನ್ನು ಒಂದೇ ಸಲ ತೂರಿಸಿ "ಏನೂ ಆಗಲಿಲ್ಲ" ಅನ್ನುವವರೇ ಜಾಸ್ತಿ. ತಡೆಯುವ ಶಕ್ತಿ ಸುತ್ತಿನ ವರ್ಗದ ಲೆಕ್ಕದಲ್ಲಿ ಏರುತ್ತದೆ. ಮೂರು ಸುತ್ತು ಹಾಕಿದರೆ ಸುಮಾರು ಒಂಬತ್ತು ಪಟ್ಟು, ಐದು ಸುತ್ತಿಗೆ ಇಪ್ಪತ್ತೈದರ ಹತ್ತಿರ. ಸುತ್ತು ತೀರಾ ಜಾಸ್ತಿಯಾದರೆ ವಿಎಚ್‌ಎಫ್‌ನಲ್ಲಿ ಲಾಭ ಮತ್ತೆ ಇಳಿಯುತ್ತದೆ, ಮೂರು ನಾಲ್ಕು ಸಾಕು. ಗದ್ದಲ ಹುಟ್ಟುವ ಡಬ್ಬಿಗೆ ಅಂಟಿಕೊಂಡ ಹಾಗೇ ಹಾಕಬೇಕು, ರೇಡಿಯೊ ಕಡೆ ಅಲ್ಲ. ವಸ್ತುವೂ ಮುಖ್ಯ, 43 ಅಥವಾ 31 ನಂಬರಿನ ಮಿಶ್ರಣ ವಿಎಚ್‌ಎಫ್‌ಗೆ ನಡೆಯುತ್ತದೆ, 7 ಮೆಗಾಹರ್ಟ್ಸ್ ಥರದ ಕೆಳಗಿನ ಬ್ಯಾಂಡಿಗೆ, ಅಂದರೆ ಎಚ್‌ಎಫ್‌ಗೆ 31 ಒಳ್ಳೆಯದು. ಬುಧವಾರ ಪೇಠದ ತಾಪಕೀರ್ ಗಲ್ಲಿಯಲ್ಲಿ ನಂಬರ್ ಹೇಳಿ ಕೇಳಿದರೆ ಅಂಗಡಿಯವರು ಮುಖ ನೋಡುತ್ತಾರೆ. ಮುಂಬೈಗೆ ಹೋಗುವವರಿದ್ದರೆ ಲ್ಯಾಮಿಂಗ್ಟನ್ ರೋಡ್ ಸುತ್ತಿ ಬನ್ನಿ, ಇಲ್ಲದಿದ್ದರೆ ಹಳೇ ಕಂಪ್ಯೂಟರ್ ಮಾನಿಟರ್ ಕೇಬಲ್ಲಿನ ತುದಿಯಲ್ಲಿ ಉಬ್ಬಿದ ಗಂಟು ಇರುತ್ತದಲ್ಲ, ಅದರೊಳಗೆ ಇರುವುದೂ ಫೆರೈಟೇ, ಒಡೆದು ತೆಗೆಯಿರಿ.

ಇಲ್ಲಿ ನನ್ನ ಅಭಿಪ್ರಾಯ ಹೇಳಿಬಿಡುತ್ತೇನೆ. ಕಂಪನಿಯಿಂದ ಬರುವ ಗಾಡಿಗೆ ಈ ವಿಷಯದಲ್ಲಿ ಪರೀಕ್ಷೆ ಇದೆ, ಎಐಎಸ್-004 ಅಂತ ಮಾನದಂಡವಿದೆ, ಅಂಥ ಪರೀಕ್ಷೆ ಮಾಡುವ ಸಂಸ್ಥೆ ಎಆರ್‌ಎಐ ನಮ್ಮ ಕೋಥ್ರೂಡ್‌ನ ವೇತಾಳ ಟೇಕಡಿಯ ಮೇಲೇ ಇದೆ. ಆದರೆ ಶೋರೂಮಿನಿಂದ ಹೊರಗೆ ಬಂದ ಮೇಲೆ ನಾವು ಸೇರಿಸುವ ಎಲ್‌ಇಡಿ ಹೆಡ್‌ಲೈಟು, ಚಾರ್ಜರು, ಆಂಪ್ಲಿಫೈಯರು ಇವನ್ನು ನಿಮ್ಮ ಗಾಡಿಯಲ್ಲಿಟ್ಟು ಯಾರೂ ಪರೀಕ್ಷೆ ಮಾಡಿರುವುದಿಲ್ಲ. ಮೊದಲ ಅನುಮಾನ ಆಮೇಲೆ ಸೇರಿದವರ ಮೇಲೇ ಇರಲಿ.

ಸೊಳ್ಳೆ, ಅಂದರೆ ಡೈನಮೊ

ಡೈನಮೊ ಒಳಗೆ ಹುಟ್ಟುವುದು ಮೂರು ಫೇಸಿನ ಎಸಿ. ಆರು ಡಯೋಡ್‌ಗಳು ಅದನ್ನು ಡಿಸಿ ಮಾಡುತ್ತವೆ, ಆದರೆ ಪೂರ್ತಿ ನುಣುಪಾಗಿ ಅಲ್ಲ, ಮೇಲೆ ಸಣ್ಣ ಅಲೆ ಉಳಿಯುತ್ತದೆ. ಲೆಕ್ಕ ಹಾಕಿ ನೋಡಿ. ಇಂಜಿನ್ 2000 ಆರ್‌ಪಿಎಂ, ಪುಲ್ಲಿಯಿಂದ ಎರಡೂವರೆ ಪಟ್ಟು ಅಂದರೆ ಡೈನಮೊ 5000, ಹನ್ನೆರಡು ಧ್ರುವದ್ದಾದರೆ ಅಲೆ ಸೆಕೆಂಡಿಗೆ ಸುಮಾರು 3000. ಐಡ್ಲಿಂಗ್‌ನಲ್ಲಿ 1200ರ ಹತ್ತಿರ. ಎರಡೂ ಕಿವಿಗೆ ಚೆನ್ನಾಗಿ ಕೇಳುವ ಸ್ವರಗಳೇ, ಅದಕ್ಕೇ ಸೀಟಿ.

ಸಣ್ಣ ಅಲೆ ಎಲ್ಲ ಗಾಡಿಯಲ್ಲೂ ಇರುತ್ತದೆ. ಕೇಳಿಸುವಷ್ಟು ಆದರೆ ಒಂದೋ ಡಯೋಡ್ ಹೋಗಿದೆ, ಇಲ್ಲವೇ ರೇಡಿಯೊದ ವೈರಿಂಗ್ ಕೆಟ್ಟದಾಗಿದೆ. ಡಯೋಡ್ ನೋಡಲು ಹೆಡ್‌ಲೈಟು, ಬ್ಲೋವರ್ ಹಾಕಿ ಇಂಜಿನ್ ಓಡಿಸಿ ಬ್ಯಾಟರಿಗೆ ಮಲ್ಟಿಮೀಟರನ್ನು ಎಸಿ ರೇಂಜಿನಲ್ಲಿ ಹಿಡಿಯಿರಿ. 0.1 ವೋಲ್ಟ್ ಒಳಗಿದ್ದರೆ ಚಿಂತೆ ಇಲ್ಲ, ಅರ್ಧ ವೋಲ್ಟ್ ದಾಟಿದರೆ ಡೈನಮೊ ಬಿಚ್ಚಿಸಿ. ಅಗ್ಗದ ಮೀಟರ್‌ಗಳು ಇಲ್ಲಿ ಮೋಸ ಮಾಡುತ್ತವೆ, ಡಿಸಿಯನ್ನೂ ಎಸಿ ಅಂದುಕೊಂಡು 30 ವೋಲ್ಟ್ ತೋರಿಸಿ ಗಾಬರಿ ಹುಟ್ಟಿಸುತ್ತವೆ. ಕೆಂಪು ಕಡ್ಡಿಯ ಜೊತೆ ಸಾಲಿಗೆ ಒಂದು 1 ಮೈಕ್ರೊಫ್ಯಾರಡ್ ಕೆಪಾಸಿಟರ್ ಸೇರಿಸಿ ನೋಡಿದರೆ ಸರಿಯಾಗುತ್ತದೆ. ಇಂಜಿನ್ ಓಡುವಾಗ ಬ್ಯಾಟರಿ ಟರ್ಮಿನಲ್ ಬಿಚ್ಚಿ "ಡೈನಮೊ ಪರೀಕ್ಷೆ" ಮಾಡುವ ಹಳೇ ಚಾಳಿ ದಯವಿಟ್ಟು ಬೇಡ. ಆ ಕ್ಷಣಕ್ಕೆ ವೋಲ್ಟೇಜ್ ಹಲವು ಪಟ್ಟು ಜಿಗಿದು ಇಂಜಿನ್ ನಡೆಸುವ ಕಂಪ್ಯೂಟರ್ ಆದ ಇಸಿಯು ಸಮೇತ ರೇಡಿಯೊವೂ ಹೋಗಬಹುದು.

ನನ್ನ ಡೈನಮೊ ಸರಿಯಾಗೇ ಇತ್ತು, ತಪ್ಪು ವೈರಿಂಗಿನದು. ಪ್ಲಸ್ ಅನ್ನು ಸಿಗರೇಟ್ ಲೈಟರ್ ಲೈನಿನಿಂದ ತೆಗೆದಿದ್ದೆ, ಮೈನಸ್ ಅನ್ನು ಸೀಟಿನ ಕೆಳಗಿನ ಒಂದು ಬೋಲ್ಟಿಗೆ. ಕಾಕಾ ಮೀಟರ್ ತಂದು ಒಂದು ಕಡ್ಡಿ ರೇಡಿಯೊದ ಮೈಗೆ, ಇನ್ನೊಂದು ಬ್ಯಾಟರಿ ಮೈನಸ್‌ಗೆ ಹಿಡಿದು "ಗುಂಡಿ ಒತ್ರಿ" ಅಂದರು. ಪೂರ್ತಿ ಪವರ್‌ನಲ್ಲಿ ಸೆಟ್ ಹತ್ತು ಆಂಪಿಯರ್ ಎಳೆಯುತ್ತದೆ, ಮೀಟರ್ 0.4 ವೋಲ್ಟ್ ತೋರಿಸಿತು. ಅಂದರೆ ಅರ್ಥಿಂಗ್ ದಾರಿಯಲ್ಲಿ 0.04 ಓಮ್ ಅಡ್ಡ ಕೂತಿದೆ. ಕೇಳಲು ಪುಟ್ಟ ಸಂಖ್ಯೆ, ಆದರೆ ಡೈನಮೊದ ಅಲೆ ರೇಡಿಯೊ ಒಳಗೆ ನುಸುಳಲು ಬೇಕಾದಷ್ಟು. ಬೋಲ್ಟ್ ಬಿಚ್ಚಿದರೆ ಕೆಳಗೆ ಪೇಂಟ್, ಪೇಂಟಿನ ಕೆಳಗೆ ಕಂದು ತುಕ್ಕು. ಮೂರು ಮಳೆಗಾಲ ಕಂಡ ಗಾಡಿ. ಗೋವಾ, ಮುಂಬೈ ಕಡೆ ಸಮುದ್ರದ ಉಪ್ಪುಗಾಳಿ ಬೇರೆ, ಅಲ್ಲಿನವರು ವರ್ಷಕ್ಕೊಮ್ಮೆಯಾದರೂ ಅರ್ಥಿಂಗ್ ಬೋಲ್ಟ್ ಬಿಚ್ಚಿ ನೋಡಿಬಿಡಿ.

ಕಾಕಾ ಪಾಲಿಶ್ ಪೇಪರ್‌ನಲ್ಲಿ ತಿಕ್ಕಿ ಹೊಳೆಯುವ ಲೋಹ ಬರಿಸಿದರು. ಆದರೆ ಆ ಬೋಲ್ಟಿಗೆ ವೈರು ವಾಪಸ್ ಹಾಕಲಿಲ್ಲ. ಬ್ಯಾಟರಿಯಿಂದ ನೇರ 6 ಚದರ ಮಿಲಿಮೀಟರ್ ವೈರು ಎಳೆದು, ಪ್ಲಸ್‌ಗೆ ಬ್ಯಾಟರಿಯಿಂದ ಒಂದು ಗೇಣು ದೂರದಲ್ಲೇ ಫ್ಯೂಸ್ ಹಾಕಿ, ಮೈನಸ್ ಅನ್ನು ಬ್ಯಾಟರಿಯ ದಪ್ಪ ಮೈನಸ್ ಕೇಬಲ್ ಗಾಡಿಯ ಬಾಡಿಯನ್ನು ಸೇರುವ ಜಾಗಕ್ಕೆ ಕಟ್ಟಿದರು. ಹೊಸ ಗಾಡಿಗಳಲ್ಲಿ ಬ್ಯಾಟರಿ ಮೈನಸ್ ಮೇಲೆ ಕರೆಂಟ್ ಅಳೆಯುವ ಪುಟ್ಟ ಸೆನ್ಸರ್ ಇರುತ್ತದೆ, ನೇರ ಬ್ಯಾಟರಿ ಕಂಬಕ್ಕೆ ಕಟ್ಟಿದರೆ ಅದರ ಲೆಕ್ಕ ತಪ್ಪುತ್ತದೆ, ಅದಕ್ಕೆ ಬಾಡಿ ಕಡೆ. ಎರಡು ವೈರುಗಳೂ ಅಕ್ಕಪಕ್ಕ ಒಟ್ಟಿಗೇ ಓಡಲಿ. ಮತ್ತೆ ಅಳೆದಾಗ 0.4 ಹೋಗಿ 0.05 ಆಗಿತ್ತು. ಸೊಳ್ಳೆ ಹೋಯಿತು. ಫಿಲ್ಟರನ್ನು ಕಾಕಾಗೇ ಕೊಟ್ಟೆ.

ಟಿಕ್ ಟಿಕ್

ನಾಲ್ಕು ಸಿಲಿಂಡರ್ ಗಾಡಿ ಒಂದು ಸುತ್ತಿಗೆ ಎರಡು ಕಿಡಿ ಹಾರಿಸುತ್ತದೆ. 800 ಆರ್‌ಪಿಎಂ ಐಡ್ಲಿಂಗ್‌ನಲ್ಲಿ ಸೆಕೆಂಡಿಗೆ ಸುಮಾರು 27. ಡೀಸೆಲ್‌ನಲ್ಲಿ ಸ್ಪಾರ್ಕ್ ಪ್ಲಗ್ಗೇ ಇಲ್ಲ, ಹಾಗಾಗಿ ಡೀಸೆಲ್ ಗಾಡಿಯವರು ಇದನ್ನು ಬಿಟ್ಟು ಮುಂದೆ ಹೋಗಿ. ಅಮೆರಿಕದ ಗ್ರೀನ್ ಬ್ಯಾಂಕ್ ರೇಡಿಯೊ ಟೆಲಿಸ್ಕೋಪ್ ಹತ್ತಿರ ಡೀಸೆಲ್ ಗಾಡಿಗಳನ್ನೇ ಓಡಿಸುವುದು ಇದೇ ಕಾರಣಕ್ಕೆ. ನಮ್ಮ ನಾರಾಯಣಗಾಂವ್ ಹತ್ತಿರ ಖೋಡದ್‌ನಲ್ಲೂ 45 ಮೀಟರ್ ಅಗಲದ 30 ತಟ್ಟೆಗಳ ಜಿಎಂಆರ್‌ಟಿ ರೇಡಿಯೊ ಟೆಲಿಸ್ಕೋಪ್ ಇದೆಯಲ್ಲ, ಅಂಥ ಜಾಗಗಳಿಗೆ ಒಂದು ಪುಟ್ಟ ಕಿಡಿಯೂ ದೊಡ್ಡ ತಲೆನೋವು.

ನಮ್ಮ ವಿಎಚ್‌ಎಫ್ ಥರದ ಎಫ್‌ಎಂ ಸೆಟ್ಟಿನಲ್ಲಿ ಲಿಮಿಟರ್ ಅನ್ನುವ ಭಾಗ ಇಂಥ ಟಿಕ್‌ಗಳನ್ನು ಸುಮಾರಾಗಿ ಕತ್ತರಿಸಿಹಾಕುತ್ತದೆ, ಎಚ್‌ಎಫ್ ಇಟ್ಟುಕೊಂಡವರಿಗೂ 27 ಮೆಗಾಹರ್ಟ್ಸ್ ಎಎಂ ಸೆಟ್‌ನವರಿಗೂ ಕಾಟ ಜಾಸ್ತಿ. ಪ್ಲಗ್ ನಂಬರಿನಲ್ಲಿ ಆರ್ ಅಕ್ಷರ ಇದೆಯೇ ನೋಡಿ, ಬಿಪಿಆರ್6ಇಎಸ್ ಅಂತ ಇದ್ದರೆ ಆ ಆರ್ ಅಂದರೆ ಒಳಗೆ ಸುಮಾರು 5 ಕಿಲೋ ಓಮ್ ರೆಸಿಸ್ಟರ್ ಇದೆ ಅಂತ. ಸಿಎನ್‌ಜಿ ಗಾಡಿಯಲ್ಲಿ ಕಿಡಿ ಹಾರಲು ಪೆಟ್ರೋಲ್‌ಗಿಂತ ಜಾಸ್ತಿ ವೋಲ್ಟೇಜ್ ಬೇಕು, ಆದ್ದರಿಂದ ಸವೆದ ಪ್ಲಗ್ ಮೊದಲು ಅಲ್ಲೇ ಸದ್ದು ಮಾಡುತ್ತದೆ. ನನ್ನದು ಸಿಎನ್‌ಜಿ. ಪೆಟ್ರೋಲ್‌ಗೆ ಬದಲಾಯಿಸಿದಾಗ ಟಿಕ್ ಟಿಕ್ ತಗ್ಗುತ್ತಿತ್ತು, ಅಷ್ಟರಲ್ಲೇ ಗೊತ್ತಾಯಿತು. ನಾಲ್ಕು ಹೊಸ ಪ್ಲಗ್ ಹಾಕಿಸಿ, ಬಾನೆಟ್ಟಿನಿಂದ ಗಾಡಿಯ ಬಾಡಿಯವರೆಗೆ ಒಂದು ಅಗಲದ ತಾಮ್ರದ ಹೆಣಿಗೆ ಪಟ್ಟಿ ಕಟ್ಟಿಸಿದೆ. ಬಾನೆಟ್ ಕೀಲುಗಳಲ್ಲಿ ಗ್ರೀಸು, ಪೇಂಟು ಇರುತ್ತದೆ, ಲೋಹಕ್ಕೆ ಲೋಹ ಸರಿಯಾಗಿ ತಾಗಿರುವುದಿಲ್ಲ, ಆಗ ಬಾನೆಟ್ ಗದ್ದಲ ತಡೆಯುವುದು ಬಿಟ್ಟು ತಾನೇ ಹರಡುತ್ತದೆ. ಪಟ್ಟಿ ಗಿಡ್ಡಗೆ, ಅಗಲವಾಗಿ ಇರಬೇಕು, ಉದ್ದನೆ ವೈರು ಉಪಯೋಗಕ್ಕಿಲ್ಲ. ಸೈಲೆನ್ಸರ್‌ಗೂ ಹೀಗೇ ಕಟ್ಟುತ್ತಾರೆ, ನಾನು ಕಟ್ಟಿಲ್ಲ, ಬೇಕಾಗಲಿಲ್ಲ. ಕಿಡಿಗೆ ವೋಲ್ಟೇಜ್ ಏರಿಸುವ ಕಾಯಿಲ್ ಹತ್ತಿರ ಕೈ ಹಾಕುವಾಗ ಇಂಜಿನ್ ಆಫ್ ಇರಲಿ, ಅಲ್ಲಿ ಇರುವುದು ಹತ್ತಾರು ಸಾವಿರ ವೋಲ್ಟ್. ಇಗ್ನಿಷನ್‌ಗೆ ಕೆಪಾಸಿಟರ್ ಕಟ್ಟು ಅಂತ ಹಳೇ ಕಾರಿನ ಸಲಹೆ ಯಾರಾದರೂ ಕೊಟ್ಟರೆ ಎಲೆಕ್ಟ್ರಾನಿಕ್ ಇಗ್ನಿಷನ್ ಗಾಡಿಯಲ್ಲಿ ಅದನ್ನು ಮಾಡಬೇಡಿ.

ಇದೆಲ್ಲ ಆದ ಮೇಲೂ ಸ್ವಲ್ಪ ಉಳಿದರೆ ಆಂಟೆನಾದ ಜಾಗ ಬದಲಿಸಿ. ಬಾನೆಟ್ ಅಂಚಿನಿಂದ ಛಾವಣಿಯ ನಡುವಿಗೆ ತಂದರೆ ಇಂಜಿನ್‌ನಿಂದಲೂ ದೂರ, ಕೇಳುವ ಶಕ್ತಿಯೂ ಜಾಸ್ತಿ. ಉಲ್ಟಾ ಕಾಟವೂ ಇರುತ್ತದೆ, ಗುಂಡಿ ಒತ್ತಿದಾಗ ಡ್ಯಾಶ್‌ಬೋರ್ಡಿನಲ್ಲಿ ಯಾವುದಾದರೂ ದೀಪ ಮಿಣುಗಿದರೆ ಪವರ್ ಇಳಿಸಿ, ಆಂಟೆನಾ ಕೇಬಲ್ಲನ್ನು ಗಾಡಿಯ ವೈರಿಂಗ್ ಕಟ್ಟಿನಿಂದ ದೂರ ಎಳೆಸಿ.

ಸಂಕ್ರಾಂತಿಗೆ ಮತ್ತೆ ಅದೇ ರಸ್ತೆಯಲ್ಲಿ ಹೋದೆವು. ಖಂಬಾಟ್ಕಿಯಲ್ಲಿ ಅಣ್ಣ ಬೇಕೆಂದೇ ಮುಂದೆ ಓಡಿದ, ಸಾತಾರಾ ಹತ್ತಿರ ಬರುವವರೆಗೆ ದನಿ ಕಡಿಯಲಿಲ್ಲ. ವೈಪರ್ ಮೋಟಾರಿನ ಗುರ್ ಮಾತ್ರ ಇನ್ನೂ ಇದೆ, ಅದರ ಬ್ರಷ್ ಹತ್ತಿರ ಕೆಪಾಸಿಟರ್ ಹಾಕಿದರೆ ಹೋಗುತ್ತದೆ ಅಂತ ಗೊತ್ತು. ಆದರೆ ಡ್ಯಾಶ್‌ಬೋರ್ಡಿನ ಮುಂದಿನ ಪ್ಲಾಸ್ಟಿಕ್ ಎಲ್ಲ ಬಿಚ್ಚಬೇಕು. ಜೂನ್ ಬರಲಿ, ನೋಡೋಣ.